ತಿಪ್ಪಮ್ಮನ ಎರಡು ಮನೆ, ಉಗ್ರಪ್ಪನ ಒಂದು ಬುದ್ಧಿ

ಕತೆ ಹೇಳ್ತೀನಿ, ಆದ್ರೆ ಹೂಂ ಅನ್ನೋರು ಬೇಕು. ಹೂಂ ಅನ್ನದೆ ತೂಕಡಿಸೋರಿಗೆ ಕತೆ ಹೇಳೋದೂ ಒಂದೇ, ಗೋಡೆಗೆ ತಲೆ ಚಚ್ಕೊಳ್ಳೋದೂ ಒಂದೇ. ಹೂಂ ಅಂತೀರಾ? ಹಾಗಾದ್ರೆ ಕಾಲು ಚಾಚಿ ಕೂತ್ಕೊಳ್ಳಿ.

ಮಾಳಿಗೆಪೇಟೆ ಅಂತ ಒಂದೂರು. ಆ ಊರಿನ ಹಿಂದಿನ ಓಣೀಲಿ ತಿಪ್ಪಮ್ಮ ಅಂತ ಒಬ್ಬಳು. ಅವಳು ಕೋಡುಬಳೆ ಕರಿಯೋಕೆ ಕೂತ್ರೆ ಮೂರು ಓಣಿ ಆಚೆಗೂ ಘಮ್ ಅನ್ನೋದು. ಅವಳಿಗೊಬ್ಬ ಮಗ, ಉಗ್ರಪ್ಪ. ಉಗ್ರ ಅನ್ನೋದು ಹೆಸರಲ್ಲಿ ಮಾತ್ರ. ಇರುವೆ ಕಚ್ಚಿದ್ರೆ ಇರುವೆಗೇ 'ನೋವಾಯ್ತೇನೋ' ಅಂತ ಕೇಳೋ ಜಾತಿ. ಮೀಸೆ ಬಂದು ಹತ್ತು ವರ್ಷ ಆಗಿತ್ತು, ಬುದ್ಧಿ ಇನ್ನೂ ದಾರೀಲಿತ್ತು.

"ಲೋ ಉಗ್ರಾ, ಅಂಗಳದಲ್ಲಿ ಅಕ್ಕಿ ಒಣಹಾಕಿದ್ದೀನಿ, ಗುಬ್ಬಿ ಬರ್ತವೆ, ನೋಡ್ತಿರು" ಅಂದ್ರೆ ನೋಡ್ತಾನೇ ಇದ್ದ. ಗುಬ್ಬಿ ಬಂದ್ವು, ನೋಡಿದ. ತಿಂದ್ವು, ನೋಡಿದ. ಹೋದ್ವು, ನೋಡಿದ. "ಎಲ್ಲೋ ಅಕ್ಕಿ?" ಅಂದ್ರೆ, "ಒಂದು ಕಾಳೂ ಬಿಡದಂಗೆ ನೋಡ್ದೆ ಅವ್ವಾ!" ಅಂದ. ಇಂಥೋನಿಗೆ ಏನು ಹೇಳ್ತೀರಿ? ಹೇಳಿದ್ದನ್ನ ಮಾಡಲ್ಲ ಅಂತ ಬೈಯೋಕೂ ಬರಲ್ಲ. ಹೇಳಿದ್ದನ್ನೇ ಮಾಡ್ತಿದ್ದ, ಅದೇ ಬಂದಿದ್ದು ಕಷ್ಟ.

ತಿಪ್ಪಮ್ಮನಿಗೆ ಮಂಡಿ ನೋವು. ದಿನಾ ಬುಟ್ಟಿ ಹೊತ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗೋದು, ಬರೋದು. ಅವಳಿಗೊಂದೇ ಆಸೆ. ಮೇನ್ ರೋಡಲ್ಲಿ ಒಂದು ಮನೆ ತಗೋಬೇಕು, ಮುಂದಿನ ಕೋಣೇಲಿ ಅಂಗಡಿ ಇಡಬೇಕು, ಕೂತಲ್ಲೇ ಕೋಡುಬಳೆ ಮಾರಬೇಕು. ಈಗಿರೋ ಮನೇನ ಬಾಡಿಗೆಗೆ ಕೊಡಬೇಕು. ಮಂಡಿಗೆ ವಿಶ್ರಾಂತಿ, ಕೈಗೆ ಬಾಡಿಗೆ!

ಮೇನ್ ರೋಡಲ್ಲಿ ಪದ್ಮಾಕ್ಷಮ್ಮ ಟೀಚರ್ ಮನೆ ಮಾರಾಟಕ್ಕಿತ್ತು. ರಿಟೈರ್ ಆದ ಮೇಲೆ ಅವರಿಗೆ ಹಗಲೆಲ್ಲಾ ಮನೇಲಿ ಕೂತು ಲಾರಿ ಹಾರನ್ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

"ನಿನಗೇ ಕೊಡ್ತೀನಿ ತಿಪ್ಪಮ್ಮ" ಅಂದ್ರು ಟೀಚರ್. "ಆದ್ರೆ ಆಷಾಢಕ್ಕೆ ಮುಂಚೆ ಎಲ್ಲಾ ಮುಗೀಬೇಕು. ಆಷಾಢದಲ್ಲಿ ನಾನು ಮನೆ ಬಿಡೋದಿಲ್ಲ, ನೀನು ಮನೆ ಸೇರೋದಿಲ್ಲ. ಅದು ದಾಟಿದ್ರೆ ಗೊಬ್ಬರದಂಗಡಿಯೋರು ಕಾದು ಕೂತಿದ್ದಾರೆ."

ಹೌದು ಮತ್ತೆ, ಆಷಾಢದಲ್ಲಿ ಯಾರಾದ್ರೂ ಮನೆ ಬದಲಾಯಿಸ್ತಾರಾ? ಹೊಸ ಪೊರಕೆ ತಗೊಳ್ಳೋಕೂ ಜನ ಹಿಂದೆ ಮುಂದೆ ನೋಡ್ತಾರೆ. ತಿಪ್ಪಮ್ಮ ಕೂಡಿಟ್ಟ ದುಡ್ಡಲ್ಲಿ ಸ್ವಲ್ಪ ಕೊರೆ ಬೀಳ್ತಿತ್ತು. ಹಳೇ ಮನೆ ಬಾಡಿಗೆಗೆ ಹೋಗಿ ಅಡ್ವಾನ್ಸು ಬಂದ್ರೆ ಸರಿಹೋಗ್ತಿತ್ತು. ಉಳಿದಿದ್ದು ಇಪ್ಪತ್ತು ದಿನ.

"ಲೋ ಉಗ್ರಾ! 'ಮನೆ ಬಾಡಿಗೆಗೆ ಇದೆ' ಅಂತ ಬೋರ್ಡು ಬರೆಸ್ಕೊಂಡು ಬಾ. ಊರೋರಿಗೆಲ್ಲಾ ಕಾಣೋ ಕಡೆ ತೂಗುಹಾಕು!"

"ಹೂಂ ಅವ್ವಾ!"

ಬರೆಸ್ಕೊಂಡು ಬಂದ. ಎಲ್ಲಿ ತೂಗುಹಾಕೋದು? ಓಣೀಲಿ ಹಾಕಿದ್ರೆ ಓಣಿಯೋರಿಗೆ ಮಾತ್ರ ಕಾಣುತ್ತೆ. ಬಾವಿ ಹತ್ರ ಹಾಕಿದ್ರೆ ನೀರಿಗೆ ಬಂದೋರಿಗೆ ಮಾತ್ರ ಕಾಣುತ್ತೆ. ಊರೋರಿಗೆಲ್ಲಾ ಕಾಣೋದು ಯಾವುದು? ತಲೆ ಕೆರ್ಕೊಂಡ. ಆಗ ಎದುರಿಗೆ ಬಂತು ದೇವಸ್ಥಾನದ ಬಸವ. ಬೆಳಗ್ಗೆ ಪೇಟೆ, ಮಧ್ಯಾಹ್ನ ಸಂತೆಮಾಳ, ಸಂಜೆ ಕೆರೆ ಏರಿ. ಬಸವನ್ನ ನೋಡದೋರು ಊರಲ್ಲಿ ಯಾರಿದ್ದಾರೆ? ಕಟ್ಟಿದ ಬೋರ್ಡನ್ನ ಬಸವನ ಕೊರಳಿಗೆ!

ಬಸವ ಹೋಗಿ ಪೊಲೀಸ್ ಸ್ಟೇಷನ್ ಬಾಗಿಲಲ್ಲಿ ಮಲಗ್ತು. ಜನ ಬೋರ್ಡು ನೋಡಿದ್ರು, ಸ್ಟೇಷನ್ ನೋಡಿದ್ರು, ಒಳಗೆ ನುಗ್ಗಿದ್ರು.

"ಸ್ವಾಮಿ, ಎಷ್ಟು ಕೋಣೆ?"

"ಕಂಬಿ ಹಾಕಿರೋ ಆ ಕೋಣೆಗೆ ಗಾಳಿ ಬೆಳಕು ಹೇಗೆ ಸ್ವಾಮಿ?"

"ಬಚ್ಚಲು ಒಳಗೋ, ಹೊರಗೋ?"

ಹನ್ನೊಂದನೇ ಮನುಷ್ಯ ಬಂದು ಬಾಡಿಗೇಲಿ ಚೌಕಾಸಿ ಶುರು ಮಾಡಿದಾಗ ಪೇದೆಗೆ ತಡೀಲಿಲ್ಲ. ಬೋರ್ಡು ಕಿತ್ಕೊಂಡು ತಿಪ್ಪಮ್ಮನ ಮನೆಗೆ ಬಂದು ಕೂಗಾಡಿ ಹೋದ. ತಿಪ್ಪಮ್ಮ ಹಣೆ ಹಣೆ ಬಡ್ಕೊಂಡ್ಲು.

"ಅಯ್ಯೋ ನನ್ನ ಕರ್ಮವೇ! ಅಲೆದಾಡೋದಕ್ಕೆ ಕಟ್ತಾರೇನೋ ಮಂಕೇ! ನಮ್ಮ ಮನೆ ಬಾಗಿಲಿಗೆ ಇಟ್ಟು ಮೊಳೆ ಹೊಡೀಬೇಕು. ಮೊಳೆ ಹೊಡೆದ್ರೆ ಎಲ್ಲೂ ಹೋಗಲ್ಲ. ತಿಳೀತಾ?"

"ತಿಳೀತು ಅವ್ವಾ. ಮೊಳೆ ಹೊಡೆದ್ರೆ ಎಲ್ಲೂ ಹೋಗಲ್ಲ!"

ಬಾಗಿಲಿಗೆ ಬೋರ್ಡು ಬಿತ್ತು. ಎರಡು ದಿನಕ್ಕೆ ಅಂಚೆ ಗುಮಾಸ್ತರು ಹೆಂಡತಿ ಜೊತೆ ಮನೆ ನೋಡೋಕೆ ಬಂದ್ರು. ತಿಪ್ಪಮ್ಮ ಬಸ್ ಸ್ಟ್ಯಾಂಡಲ್ಲಿದ್ಲು. ಗುಮಾಸ್ತರು ಹಜಾರ ನೋಡಿದ್ರು, ಹೆಂಡತಿ ಒಲೆ ನೋಡಿದ್ರು.

"ಚೆನ್ನಾಗಿದೆ ಕಣ್ರೀ."

"ಹೂಂ, ಪರವಾಗಿಲ್ಲ. ಏನಪ್ಪಾ, ನಿಮ್ಮಮ್ಮ ಇಲ್ವಾ? ಹಾಗಾದ್ರೆ ಈಗ ಹೋಗಿ ನಾಳೆ ಬರ್ತೀವಿ."

ಹೋಗ್ತಾರಾ? ಉಗ್ರಪ್ಪ ಬಾಗಿಲಲ್ಲಿದ್ದ ಬೋರ್ಡು ನೋಡಿದ. ಇಷ್ಟು ದಿನಕ್ಕೆ ಬಂದೋರು, ಹೋಗ್ಬಿಡ್ತಾರಾ? ಎಲ್ಲೂ ಹೋಗಬಾರದು ಅಂದ್ರೆ ಏನು ಮಾಡಬೇಕು? ಅವ್ವ ಹೇಳಿದ್ದಾಳಲ್ಲ! ಹೊರಗೆ ಬಂದ, ಮುಂದಿನ ಬಾಗಿಲೂ ಹಿಂದಿನ ಬಾಗಿಲೂ ಎಳ್ಕೊಂಡ, ಢಣ್ ಢಣ್ ಢಣ್ ಅಂತ ಒಂದೊಂದಕ್ಕೂ ಏಳು ಮೊಳೆ ಹೊಡೆದ.

"ಏಯ್! ಏನೋ ಮಾಡ್ತಿದ್ದೀಯಾ?"

"ಹೆದರ್ಬೇಡಿ ಸಾರ್, ಎಲ್ಲೂ ಹೋಗಲ್ಲ ನೀವು!" ಅಂತ ಕೂಗಿ, ಬಸ್ ಸ್ಟ್ಯಾಂಡಿಗೆ ಓಡಿದ. "ಅವ್ವಾ, ಅವ್ವಾ! ಬಾಡಿಗೆಯೋರು ಬಂದಿದ್ದಾರೆ, ಗಟ್ಟಿ ಮಾಡಿಟ್ಟು ಬಂದಿದ್ದೀನಿ!"

ತಿಪ್ಪಮ್ಮ ಕುಂಟ್ಕೊಂಡು, ಏದುಸಿರು ಬಿಡ್ಕೊಂಡು ಬರೋ ಹೊತ್ತಿಗೆ ಗುಮಾಸ್ತರು ಹೆಂಡತೀನ ಅಟ್ಟಕ್ಕೆ ಹತ್ತಿಸಿ, ಎಂಟು ಹೆಂಚು ಒಡೆದು, ಮಾಡಿನ ಮೇಲಿಂದ ಪಕ್ಕದ ಮನೆಯೋರ ಹುಲ್ಲಿನ ಬಣವೆಗೆ ಹಾರಿ ಓಡಿಹೋಗಿದ್ರು. ಒಂದು ಎಡಗಾಲ ಚಪ್ಪಲಿ ಮಾತ್ರ ಉಳಿದಿತ್ತು.

"ಅಯ್ಯೋ ಪಾಪಿ! ಬಂದೋರನ್ನ ಕೂಡಿಹಾಕ್ತಾರೇನೋ! ಬಾಗಿಲು ಹಾರುಹೊಡೆದು ಇಡಬೇಕು. ಮುಂದಿಂದೂ ತೆರೆದಿರಬೇಕು, ಹಿಂದಿಂದೂ ತೆರೆದಿರಬೇಕು. ಅವರ ಪಾಡಿಗೆ ಅವರು ಒಳಗೆಲ್ಲಾ ಓಡಾಡ್ಲಿ, ಅಟ್ಟ ಹತ್ತಲಿ, ಡಬ್ಬದ ಮುಚ್ಚಳ ತೆಗೆದು ನೋಡಲಿ. ನೀನು ಅಂಗಳದಲ್ಲಿ ಕೈ ಕಟ್ಕೊಂಡು ಸುಮ್ನೆ ನಿಂತಿರಬೇಕು. ತಿಳೀತಾ?"

"ತಿಳೀತು ಅವ್ವಾ. ಕೈ ಕಟ್ಕೊಂಡು ಸುಮ್ನೆ ನಿಂತಿರಬೇಕು!"

ನಾಲ್ಕು ದಿನ ಯಾರೂ ಬರಲಿಲ್ಲ. ಐದನೇ ದಿನ ತಿಪ್ಪಮ್ಮ ಎರಡು ಬುಟ್ಟಿ ಕೋಡುಬಳೆ ಕರಿದಿಟ್ಟು, ಎಣ್ಣೆ ತರೋಕೆ ಅಂತ ಪೇಟೆಗೆ ಹೋಗಿದ್ಲು. ವಾಪಸ್ ಬಂದ್ರೆ ಉಗ್ರಪ್ಪ ಅಂಗಳದಲ್ಲಿ ಕೈ ಕಟ್ಕೊಂಡು ನಿಂತಿದ್ದಾನೆ. ಮುಖದಲ್ಲಿ ನಗು ಅಂದ್ರೆ ನಗು.

"ಅವ್ವಾ, ಬಂದಿದ್ದಾರೆ! ತುಂಬಿದ ಸಂಸಾರ. ಹದಿನಾಲ್ಕು ಜನ!"

"ಹದಿನಾಲ್ಕು ಜನಾನಾ? ಎರಡು ಕೋಣೆ ಮನೆಗೆ?"

"ಮನೆ ಭಾಳ ಹಿಡಿಸಿದೆ ಅವರಿಗೆ. ಅಟ್ಟ ನೋಡಿದ್ರು, ಜಂತಿ ನೋಡಿದ್ರು, ಡಬ್ಬ ಎಲ್ಲಾ ತೆಗೆದು ನೋಡಿದ್ರು. ಹೆಂಗಸ್ರು ಮಕ್ಕಳನ್ನ ಹೊಟ್ಟೆಗೆ ಕಟ್ಕೊಂಡೇ ಓಡಾಡ್ತಾರೆ, ಪಾಪ. ಯಜಮಾನ್ರು ಮಾತ್ರ ಸ್ವಲ್ಪ ಮುಂಗೋಪಿ. ಮಾತಾಡ್ಸಿದ್ರೆ ಹಲ್ಲು ತೋರಿಸಿ ಕಚ್ಚೋಕೆ ಬಂದ್ರು."

ತಿಪ್ಪಮ್ಮ ಒಳಗೆ ನೋಡಿದ್ರೆ ಏನು ನೋಡೋದು! ಕೋತಿ! ಹಜಾರದಲ್ಲಿ ಕೋತಿ, ಅಟ್ಟದಲ್ಲಿ ಕೋತಿ, ದೇವರ ಗೂಡಲ್ಲೊಂದು ಮರಿಕೋತಿ. ದೊಡ್ಡ ಗಡವ ಒಂದು, ಎರಡೂ ಕೈಗೆ ಕೋಡುಬಳೆ ತೊಟ್ಕೊಂಡು, ತಿಪ್ಪಮ್ಮನ ಹಾಸಿಗೆ ಮೇಲೆ ಒರಗಿತ್ತು!

ಕೂಗಿ, ಅತ್ತು, ಓಣಿಯೋರೆಲ್ಲಾ ಸೇರಿ ಅವುಗಳನ್ನ ಓಡಿಸೋ ಹೊತ್ತಿಗೆ ಬುಟ್ಟಿ ಎರಡೂ ಖಾಲಿ.

"ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಹಾಕ! ಅವು ಬಂದ್ರೆ ಸುಮ್ನೆ ನಿಲ್ತಾರೇನೋ? ಮಕ್ಕಳುಮರಿ ಕಟ್ಕೊಂಡು, ಬಾಳೆಹಣ್ಣು ಸುಲ್ಕೊಂಡು ಬರ್ತವಲ್ಲ, ಆಗ ತಟ್ಟೆ ತಗೊಂಡು ಬಡೀಬೇಕು! ಕೋಲು ಬೀಸಬೇಕು! 'ಹುಷ್ ಹುಷ್' ಅಂತ ಊರಾಚೆಗೆ ಅಟ್ಟಬೇಕು! ತಿಳೀತಾ?"

"ತಿಳೀತು ಅವ್ವಾ. ಊರಾಚೆಗೆ ಅಟ್ಟಬೇಕು!"

ನಿಮಗೆ ಮುಂದಿನದು ಗೊತ್ತಾಗ್ಹೋಯ್ತು ಅಲ್ವಾ? ಗೊತ್ತಾಗಲಿ. ತಿಪ್ಪಮ್ಮನಿಗೆ ಗೊತ್ತಾಗಲಿಲ್ಲ, ಅದೇ ಸಂಕಟ. ಹೆತ್ತ ಕರುಳು, ಈ ಸಲವಾದ್ರೂ ಸರಿ ಮಾಡ್ತಾನೆ ಅಂತ ಪ್ರತಿ ಸಲ ನಂಬೋದು.

ಆ ವಾರ ಜವಳಿ ವ್ಯಾಪಾರದ ನಾಗಭೂಷಣ ಶೆಟ್ಟರು ಬಂದ್ರು. ಹೆಂಡತಿ ಬಂದ್ರು, ಶೆಟ್ಟರ ತಾಯಿ ಬಂದ್ರು, ಸೊಂಟದ ಮೇಲೊಂದು ಕೂಸು, ಹಿಂದೆ ನಾಲ್ಕು ಮಕ್ಕಳು. ಬಸ್ಸಲ್ಲಿ ಹಸಿದು ಬಂದಿದ್ವು ಮಕ್ಕಳು, ಒಂದೊಂದರ ಕೈಲೂ ಒಂದೊಂದು ಬಾಳೆಹಣ್ಣು. ಉಗ್ರಪ್ಪ ನೋಡಿದ. ಮಕ್ಕಳುಮರಿ? ಇದೆ. ಬಾಳೆಹಣ್ಣು? ಸುಲೀತಿವೆ. ಅವ್ವ ಹೇಳಿದಂಗೇ!

ತಗೊಂಡ ಹಿತ್ತಾಳೆ ತಟ್ಟೆ, ತಗೊಂಡ ಕೋಲು. ಢಣಾ ಢಣಾ ಢಣಾ!

"ಹುಷ್! ಹುಷ್! ನಡೀರಿ! ಊರಾಚೆ! ಊರಾಚೆ!"

ಶೆಟ್ಟರು ಓಡಿದ್ರು, ಶೆಟ್ಟರ ಹೆಂಡತಿ ಓಡಿದ್ರು, ಮೊಣಕಾಲು ಮಡಿಸೋಕೂ ಆಗದ ಶೆಟ್ಟರ ತಾಯಿ ಎಲ್ಲರಿಗಿಂತ ಮುಂದೆ ಓಡಿದ್ರು. ಕೆರೆ ಏರಿ ದಾಟೋ ತನಕ ಬಿಡಲಿಲ್ಲ ಪುಣ್ಯಾತ್ಮ. ಅಲ್ಲಿ ಹೋಗ್ತಿದ್ದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ಕೊಂಡ್ರು. ಆ ಬಸ್ಸು ಎಲ್ಲಿಗೆ ಹೋಗುತ್ತೆ ಅಂತ್ಲೂ ಕೇಳಲಿಲ್ಲ.

ಅವತ್ತು ತಿಪ್ಪಮ್ಮ ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತು ಅತ್ತಳು. ಸುಮ್ನೆ ಅಲ್ಲ, ನಿಜವಾಗ್ಲೂ ಅತ್ತಳು. ಉಳಿದಿರೋದು ನಾಲ್ಕು ದಿನ. ಟೀಚರ್ ಮನೆ ಕೈ ತಪ್ಪಿದ್ರೆ ಈ ಜನ್ಮದಲ್ಲಿ ಬುಟ್ಟಿ ಇಳಿಯಲ್ಲ. ಉಗ್ರಪ್ಪನೂ ಪಕ್ಕದಲ್ಲಿ ಕೂತು ಅತ್ತ. ಯಾಕೆ ಅಂತ ಗೊತ್ತಿಲ್ಲ, ಅವ್ವ ಅತ್ತಳು, ಅದಕ್ಕೆ ಅತ್ತ.

"ನೋಡು ಮಗಾ" ಅಂದ್ಲು ಸೆರಗಲ್ಲಿ ಮೂಗು ಒರೆಸ್ಕೊಂಡು. "ಮನುಷ್ಯರು ಬಂದ್ರೆ ಕೈ ಮುಗೀಬೇಕು. ಚಾಪೆ ಹಾಸಬೇಕು. ನೀರು ಕೊಡಬೇಕು, ತಿನ್ನೋಕೆ ಕೊಡಬೇಕು, ಬೇಡ ಅಂದ್ರೂ ಬಿಡಬಾರದು. 'ಇದು ನಿಮ್ಮದೇ ಮನೆ ಅಂದ್ಕೊಳ್ಳಿ' ಅನ್ನಬೇಕು."

"ತಿಳೀತು ಅವ್ವಾ!"

ತಿಳೀತು ಅಂದಿದ್ದಕ್ಕೇ ಭಯ ಬಿದ್ದು, ಮಾರನೇ ದಿನದಿಂದ ತಿಪ್ಪಮ್ಮ ಎಲ್ಲೂ ಹೋಗದೆ ಅಡುಗೆಮನೆ ಬಾಗಿಲ ಹಿಂದೆ ಕೂತ್ಲು.

ಬಂದೋರು ಯಾರು ಅಂತೀರಿ? ಪದ್ಮಾಕ್ಷಮ್ಮ ಟೀಚರ್!

"ಉಗ್ರಪ್ಪ, ನನ್ನ ಮನೆ ಮಾರಿದ ಮೇಲೆ ನನಗೂ ಒಂದು ಮನೆ ಬೇಕಲ್ಲಪ್ಪ. ನಿಮ್ಮ ಓಣೀಲಿ ಲಾರಿ ಬರಲ್ಲ ನೋಡು."

ಉಗ್ರಪ್ಪ ಕೈ ಮುಗಿದ. ಚಾಪೆ ಹಾಸಿದ. ನೀರು ಕೊಟ್ಟ. ಕೋಡುಬಳೆ ಕೊಟ್ಟ. ಟೀಚರ್ ಒಂದು ತಿಂದ್ರು. ಇನ್ನೊಂದು ಕೊಟ್ಟ. ತಿಂದ್ರು. ಮತ್ತೊಂದು ಕೊಟ್ಟ.

"ಬೇಡಪ್ಪ."

"ಬೇಡ ಅಂದ್ರೂ ಬಿಡಬಾರದು ಟೀಚರ್!"

ಒಂಬತ್ತನೇ ಕೋಡುಬಳೆಗೆ ಟೀಚರ್ ಕಣ್ಣಲ್ಲಿ ನೀರು ಬಂತು. "ಸಾಕೋ ಮಾರಾಯ! ಬಾಡಿಗೆ ಎಷ್ಟು, ಅದು ಹೇಳು."

"ಬಾಡಿಗೇನಾ? ಛೆ ಛೆ! ಇದು ನಿಮ್ಮದೇ ಮನೆ. ಸ್ವಂತ ಮನೆಗೆ ಯಾರಾದ್ರೂ ಬಾಡಿಗೆ ಕೊಡ್ತಾರಾ ಟೀಚರ್?"

ಬಾಗಿಲ ಹಿಂದಿಂದ ತಿಪ್ಪಮ್ಮ ಹಾರಿ ಬಂದು ಮಗನ ಬಾಯಿಗೆ ಒಂದು ಕೋಡುಬಳೆ ತುರುಕಿದ್ಲು. "ಕೊಡ್ತಾರೆ ಟೀಚರಮ್ಮಾ, ಕೊಡ್ತಾರೆ! ಇವನ ಮಾತು ಬಿಡಿ!"

ಟೀಚರ್ ನಕ್ಕರು. "ನನಗೆ ಗೊತ್ತಿಲ್ವಾ ತಿಪ್ಪಮ್ಮ? ಒಂದನೇ ಕ್ಲಾಸಲ್ಲಿ ಇವನನ್ನ ಮೂರು ವರ್ಷ ಇಟ್ಕೊಂಡಿದ್ದೋಳು ನಾನೇ."

ಮಾತು ಮುಗೀತು. ನಿನಗೆ ಕೊರೆ ಬಿದ್ದಿದ್ದೇ ನನ್ನ ಅಡ್ವಾನ್ಸು ಅಂದ್ರು ಟೀಚರ್. ಗುರುವಾರ ಪತ್ರ ಆಯ್ತು. ಪದ್ಮಾಕ್ಷಮ್ಮನ ಮನೆ ತಿಪ್ಪಮ್ಮನದು, ತಿಪ್ಪಮ್ಮನ ಮನೆ ಪದ್ಮಾಕ್ಷಮ್ಮನಿಗೆ ಬಾಡಿಗೆಗೆ. ಹೆಗಲ ಮೇಲಿನ ಅಡ್ಡೆಯ ಎರಡು ಕಡೆ ಬಿಂದಿಗೆ ಬದಲಾಯಿಸ್ದಂಗೆ!

ಇನ್ನು ಹಾಲು ಉಕ್ಕಿಸೋದು ಒಂದು ಬಾಕಿ. ಪುರೋಹಿತರು ಬೆರಳು ಮಡಿಸಿ ಲೆಕ್ಕ ಹಾಕಿ, "ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಹನ್ನೆರಡೂವರೆ. ಮಿಲ್ಲಿನ ಸೈರನ್ ಕೂಗೋದ್ರೊಳಗೆ ಹಾಲು ಉಕ್ಕಬೇಕು. ಆಮೇಲೆ ಅಮಾವಾಸ್ಯೆ, ಆಮೇಲೆ ಆಷಾಢ" ಅಂದ್ರು. ಹಾಲು ಉಕ್ಕದ ಮನೇಲಿ ತಿಪ್ಪಮ್ಮ ಕಾಲಿಡೋಳಲ್ಲ. ತಪ್ಪಿದ್ರೆ ಶ್ರಾವಣದ ತನಕ ಒಂದು ತಿಂಗಳು ಎಲ್ಲಿರೋದು? ಹಳೇ ಮನೆ ಬಾಡಿಗೆಗೆ ಕೊಟ್ಟಾಗಿದೆ!

ಶುಕ್ರವಾರ ಬೆಳಗ್ಗೆ ದ್ಯಾವಣ್ಣ ಎತ್ತಿನ ಗಾಡಿ ತಂದ. ಒಂದು ಸುತ್ತಿಗೆ ಇಷ್ಟು ಅಂತ ಬಾಡಿಗೆ ಮಾತಾಯ್ತು. ದ್ಯಾವಣ್ಣನಿಗೂ ಮನೆ ಚಿಂತೆ. ಅವನಿದ್ದ ಗುಡಿಸಲು ಹೋದ ವಾರ ಕುಸಿದು, ಹೆಂಡತಿ ಗಂಗಿ ಎಮ್ಮೆ ಜೊತೆ ಯಾರದ್ದೋ ಕೊಟ್ಟಿಗೇಲಿದ್ಲು.

ತಿಪ್ಪಮ್ಮ ಗ್ರಾಮದೇವತೆ ಗುಡಿಗೆ ಹೋಗಿ, ಪೂಜೆ ಮಾಡಿಸ್ಕೊಂಡು, ಕಲಶ ಹಿಡ್ಕೊಂಡೇ ಹೊಸ ಮನೆಗೆ ಬರಬೇಕು. ಅದು ಪದ್ಧತಿ. ಹೋಗೋ ಮುಂಚೆ ಮಗನ ಎರಡೂ ಕಿವಿ ಹಿಡ್ಕೊಂಡು, ಬಿಡಿಸಿ ಬಿಡಿಸಿ ಹೇಳಿದ್ಲು.

"ಈ ಮನೇಲಿರೋದೆಲ್ಲಾ ಆ ಮನೆಗೆ ಸಾಗಿಸು. ಆ ಮನೇಲಿರೋದೆಲ್ಲಾ ಈ ಮನೆಗೆ ಸಾಗಿಸು. ಒಂದು ಕಡ್ಡೀನೂ ಉಳೀಬಾರದು. ನಾನು ಬರೋ ತನಕ ಕೈ ನಿಲ್ಲಿಸಬೇಡ. ಹನ್ನೆರಡಕ್ಕೆ ಇದ್ದಿಲ ಒಲೆ ಹಚ್ಚಿ ಹಾಲು ಇಟ್ಟಿರು. ತಿಳೀತಾ?"

"ತಿಳೀತು ಅವ್ವಾ!"

ಬುದ್ಧೀಲಿ ಉಳಿಸ್ಕೊಂಡಿದ್ದನ್ನ ದೇವರು ಉಗ್ರಪ್ಪನ ತೋಳಿಗೆ ಹಾಕಿದ್ದ. ಎಂಟು ಗಂಟೆಗೆಲ್ಲಾ ತಿಪ್ಪಮ್ಮನ ಸಾಮಾನು ಹೊಸ ಮನೇಲಿ, ಟೀಚರ್ ಸಾಮಾನು ಹಳೇ ಮನೇಲಿ. ಟೀಚರ್ ತಮ್ಮ ಕುರ್ಚಿ ಹಾಕ್ಕೊಂಡು, ಆಹಾ ಏನು ನಿಶ್ಶಬ್ದ ಅಂತ ಕಣ್ಣು ಮುಚ್ಚಿದ್ರು.

ಅವ್ವ ಇನ್ನೂ ಬಂದಿಲ್ಲ. ಕೈ ನಿಲ್ಲಿಸಬೇಡ ಅಂದಿದ್ದಾಳೆ. ಈ ಮನೇಲಿ ಏನಿದೆ? ಟೀಚರ್ ಮಂಚ, ಟೀಚರ್ ಬೀರು, ಟೀಚರು. ಎಲ್ಲಾ ಆ ಮನೆಗೆ! ಕುರ್ಚಿ ಸಮೇತ ಎತ್ತಿ ಗಾಡಿ ಮೇಲೆ ಇಟ್ಟ.

"ಲೋ ಉಗ್ರಪ್ಪ! ಆಯ್ತಲ್ಲೋ! ಇಳಿಸೋ!"

"ಅವ್ವ ಬರೋ ತನಕ ನಿಲ್ಲಿಸಂಗಿಲ್ಲ ಟೀಚರ್."

"ದ್ಯಾವಣ್ಣ, ನೀನಾದ್ರೂ ಹೇಳಬಾರದೇನಪ್ಪ?"

"ನನಗೇನು ಟೀಚರಮ್ಮ, ಸುತ್ತಿಗೆ ಇಷ್ಟು ಅಂತ ಮಾತು" ಅಂತ ದ್ಯಾವಣ್ಣ ಎತ್ತಿನ ಬಾಲ ತಿರುವಿದ.

ಹೋಯ್ತು ಗಾಡಿ, ಬಂತು ಗಾಡಿ. ಹೋಯ್ತು ಗಾಡಿ, ಬಂತು ಗಾಡಿ. ಮೂರನೇ ಸುತ್ತಿಗೆ ಯಾವುದು ಯಾರ ಸಾಮಾನು ಅನ್ನೋದೇ ಕಲಸಿಹೋಯ್ತು. ಹನ್ನೆರಡಕ್ಕೆ ಸರಿಯಾಗಿ ಉಗ್ರಪ್ಪ ಹೊಸ ಮನೇಲಿ ಒಲೆ ಹಚ್ಚಿದ, ಹಾಲಿಟ್ಟ. ಹೇಳಿದ್ದು ಹೇಳಿದಂಗೆ! ಆಮೇಲೆ ಸುತ್ತ ನೋಡಿದ. ಈ ಮನೇಲಿ ಏನು ಉಳಿದಿದೆ? ಒಲೆ ಉಳಿದಿದೆ, ಹಾಲುಳಿದಿದೆ. ಒಂದು ಕಡ್ಡೀನೂ ಉಳೀಬಾರದು ಅಂದಿದ್ದಾಳಲ್ಲ ಅವ್ವ! ಉರಿಯೋ ಒಲೇನ ಹಾಲಿನ ಪಾತ್ರೆ ಸಮೇತ ಎತ್ತಿ ಗಾಡಿ ಮೇಲಿಟ್ಟ. ಒಲೆ ಆರಿಹೋದ್ರೆ ಅವ್ವ ಬೈತಾಳೆ ಅಂತ ಮೊರದಲ್ಲಿ ಗಾಳಿ ಬೇರೆ ಹಾಕ್ತಾ ಹೊರಟ.

ಇತ್ತ ತಿಪ್ಪಮ್ಮ ಕಲಶ ಹಿಡ್ಕೊಂಡು ಹೊಸ ಮನೆಗೆ ಬಂದು ನೋಡಿದ್ರೆ ಬಟಾಬಯಲು! ಸಾಮಾನಿಲ್ಲ, ಒಲೆಯಿಲ್ಲ, ಮಗ ಇಲ್ಲ. ಎದೆ ಹೊಡ್ಕೊಂಡು ಹಳೇ ಮನೆ ಕಡೆ ಕುಂಟಿದ್ಲು. ಬೋರಿಂಗ್ ಪಂಪಿನ ಹತ್ರ ಎತ್ತಿಗೆ ನೀರು ಕುಡಿಸೋಕೆ ನಿಂತಿತ್ತು ಗಾಡಿ. ಮೇಲೆ ಮಂಚ, ಮಂಚದ ಮೇಲೆ ಕುರ್ಚಿ, ಕುರ್ಚಿ ಮೇಲೆ ಕೊಡೆ ಬಿಚ್ಕೊಂಡು ಟೀಚರ್, ಪಕ್ಕದಲ್ಲಿ ಒಲೆ, ಒಲೆಗೆ ಗಾಳಿ ಹಾಕ್ತಾ ಸುಪುತ್ರ!

"ಅವ್ವಾ ಬಂದ್ಯಾ! ನೋಡು, ಉಕ್ತಾ ಇದೆ!"

ತಿಪ್ಪಮ್ಮ ಬೇಡ ಬೇಡ ಅನ್ನೋದ್ರೊಳಗೆ ಹಾಲು ಬುಸ್ ಅಂತ ಉಕ್ಕೇಬಿಡ್ತು. ಗಾಡಿ ಮೇಲೆ, ನಡು ರಸ್ತೇಲಿ. ಬಿಸಿ ಹಾಲು ಚೆಲ್ಲಿದ್ದೇ ತಡ, ಎತ್ತುಗಳು ಬೆಚ್ಚಿ, ಕಣ್ಣಿ ಕಿತ್ಕೊಂಡು ಸಂತೆಮಾಳದ ಕಡೆ ಓಟ! ದ್ಯಾವಣ್ಣ ಅವುಗಳ ಹಿಂದೆ ಓಟ!

"ಹಾಳಾಯ್ತಲ್ಲೋ! ಹಾಳಾಯ್ತಲ್ಲೋ!" ತಿಪ್ಪಮ್ಮ ರಸ್ತೇಲೇ ಕೂತ್ಲು. "ಹಾಲು ಎಲ್ಲಿ ಉಕ್ಕುತ್ತೋ ಅದೇ ಮನೆ ಕಣೋ ಮಂಕುದಿಣ್ಣೆ! ಈಗ ನಮ್ಮ ಮನೆ ಯಾವುದಾಯ್ತು? ಈ ಗಾಡಿ!"

"ಗಾಡೀನಾ ಅವ್ವಾ?"

"ಹೂಂ, ಗಾಡೀನೇ! ಇದ್ರಲ್ಲೇ ಇರು, ಇದ್ರಲ್ಲೇ ಸಾಯಿ! ನಾವಿರೋಕೆ ಒಂದು ಮನೆ, ನಾವಿಲ್ಲದ ಮನೆ ಬಾಡಿಗೆಗೆ ಅಂತ ತಾನೇ ಇಷ್ಟೆಲ್ಲಾ ಒದ್ದಾಡಿದ್ದು! ಎಲ್ಲಾ ಹೋಯ್ತು!"

ಮೇಲಿಂದ ಟೀಚರ್ ವಾಚು ನೋಡಿದ್ರು. "ಅಳಬೇಡ ತಿಪ್ಪಮ್ಮ. ಹನ್ನೆರಡು ಹತ್ತು. ಇನ್ನೂ ಇಪ್ಪತ್ತು ನಿಮಿಷ ಇದೆ."

ತಿಪ್ಪಮ್ಮನಿಗೆ ಹೋದ ಜೀವ ಬಂತು. ಏಳೋಣ ಅಂದ್ರೆ ಮಂಡಿ ಏಳಿಸಲಿಲ್ಲ.

"ಓಡೋ ಉಗ್ರಾ! ನಿನ್ನ ಕಾಲು ಹಿಡ್ಕೋತೀನಿ, ಓಡು! ಯಾರ ಹಾಲಾದ್ರೂ ಸರಿ, ಯಾರ ಕೈಲಾದ್ರೂ ಸರಿ, ಸೈರನ್ ಕೂಗೋದ್ರೊಳಗೆ ಆ ಮನೇಲಿ ಹಾಲು ಉಕ್ಕಬೇಕು! ಅಷ್ಟು ಮಾಡು ಸಾಕು!"

ಓಡಿದ ಉಗ್ರಪ್ಪ. ಧೂಳೆಬ್ಬಿಸ್ಕೊಂಡು ಓಡಿದ. ತಿಪ್ಪಮ್ಮ ಕಲಶ ತಬ್ಕೊಂಡು ಕೂತ್ಲು. ಕಂಡ ಕಂಡ ದೇವರಿಗೆಲ್ಲಾ ಹರಕೆ ಹೊತ್ಲು. ಐದು ನಿಮಿಷ. ಹತ್ತು ನಿಮಿಷ. ಇಪ್ಪತ್ತು ನಿಮಿಷಕ್ಕೆ ಕೂ ಅಂತ ಸೈರನ್ ಕೂಗ್ತು. ಇನ್ನೂ ಮಗ ಇಲ್ಲ. ಆಮೇಲೆ ದೂರದಲ್ಲಿ ಕಂಡ, ಎರಡೂ ಕೈ ಮೇಲೆತ್ಕೊಂಡು ಓಡಿ ಬರ್ತಿದ್ದ.

"ಅವ್ವಾ! ಉಕ್ತು! ಹೊಸ ಮನೇಲಿ ಉಕ್ತು! ಸೈರನ್ ಕೂಗೋ ಮುಂಚೇನೇ ಉಕ್ತು! ಮೂರು ಸಲ ಉಕ್ತು!"

ಅಯ್ಯೋ, ತಿಪ್ಪಮ್ಮನ ಸಂತೋಷ ನೋಡಬೇಕಿತ್ತು ನೀವು! ಮಂಡಿ ನೋವು ಮರೆತು ಎದ್ದು ನಿಂತು ಮಗನ್ನ ತಬ್ಕೊಂಡ್ಲು. ಮೂವತ್ತು ವರ್ಷದಲ್ಲಿ ಮೊದಲನೇ ಸಲ ದೃಷ್ಟಿ ತೆಗೆದ್ಲು. "ನನ್ನ ಬಂಗಾರ! ನನ್ನ ಕಣ್ಣೇ! ಯಾರು ನಿನ್ನ ಪೆದ್ದ ಅಂದಿದ್ದು? ಅವರ ಬಾಯಿಗೆ ಹುಳ ಬೀಳ! ಯಾರ ಹಾಲು ಮಗಾ?"

"ದ್ಯಾವಣ್ಣನ ಹೆಂಡತಿ ಗಂಗಕ್ಕನ ಎಮ್ಮೆ ಹಾಲು."

"ಯಾರು ಉಕ್ಕಿಸಿದ್ದು?"

"ಗಂಗಕ್ಕನೇ. ಅವಳ ಮನೆ ಅಲ್ವಾ ಅವ್ವಾ, ಅವಳೇ ಉಕ್ಕಿಸಬೇಕು."

"ಅವಳ ಮನೇನಾ?"

"ಹೂಂ. ಹಾಲುಕ್ಕಿದ್ದೇ ಮನೆ ಅಂದೆ, ಗಾಡಿ ನಮ್ಮ ಮನೆ ಆಯ್ತು. ನಾವಿಲ್ಲದ ಮನೆ ಬಾಡಿಗೆಗೆ ಅಂದೆ. ಆ ಮನೇಲಿ ನಾವಿಲ್ಲ. ಗಂಗಕ್ಕ ಪಾಪ ಮನೆ ಹುಡುಕ್ತಿದ್ಲು, ಅವಳಿಗೆ ಬಾಡಿಗೆಗೆ ಕೊಟ್ಟೆ. ಕೈ ಮುಗಿದೆ, ಚೌಕಾಸಿ ಮಾಡ್ಲಿಲ್ಲ. ದ್ಯಾವಣ್ಣನ ಗಾಡಿ ಬಾಡಿಗೆಗೂ ಆ ಮನೆ ಬಾಡಿಗೆಗೂ ಸರಿಗೆ ಸರಿ!"

ಎತ್ತು ಹಿಡ್ಕೊಂಡು ಅಷ್ಟೊತ್ತಿಗೆ ಬಂದ ದ್ಯಾವಣ್ಣ ಮಾತು ಕೇಳಿ, ರಸ್ತೇಲೇ ತಿಪ್ಪಮ್ಮನ ಕಾಲಿಗೆ ಅಡ್ಡಬಿದ್ದ. "ಅಕ್ಕೋ! ಆಷಾಢಕ್ಕೆ ಮುಂಚೆ ನೆತ್ತಿಗೊಂದು ಸೂರು ಕೊಟ್ಟೆ! ನಿನ್ನ ಹೊಟ್ಟೆ ತಣ್ಣಗಿರಲಿ! ಗಾಡಿ ನಿನಗೇ ಬಿಟ್ಟೆ, ಎಷ್ಟು ದಿನ ಬೇಕಾದ್ರೂ ಇರು!" ಅಂದೋನೇ ಎತ್ತು ಹೊಡ್ಕೊಂಡು ಹೊಸ ಮನೆ ಕಡೆ ಹೊರಟ. ಹಾಲುಕ್ಕಿಸಿ ಒಳಗೆ ಬಂದೋರನ್ನ ಆಷಾಢದಲ್ಲಿ ಯಾರಾದ್ರೂ ಹೊರಗೆ ಕಳಿಸ್ತಾರಾ? ನೀವೇ ಹೇಳಿ.

"ತಿಪ್ಪಮ್ಮ, ನನ್ನನ್ನ ಇಳಿಸಮ್ಮ" ಅಂದ್ರು ಟೀಚರ್ ಮೇಲಿಂದ, ಮೆಲ್ಲಗೆ. "ನಾನು ನಿನ್ನ ಹಳೇ ಮನೆಗೆ ನಡ್ಕೊಂಡೇ ಹೋಗ್ತೀನಿ."

ಎರಡು ಮನೆ ಒಡತಿ ತಿಪ್ಪಮ್ಮ ನಡು ರಸ್ತೇಲಿ ಗಾಡಿ ಪಕ್ಕ ನಿಂತಿದ್ಲು. ಉಗ್ರಪ್ಪ ತಲೆ ಕೆರ್ಕೊಂಡ.

"ಅವ್ವಾ, ಒಂದು ಕೇಳ್ಲಾ? ಮುಂದಿನ ಕೋಣೇಲಿ ಎಮ್ಮೆ ಕಟ್ತೀನಿ ಅಂದ್ಲು ಗಂಗಕ್ಕ. ಎಮ್ಮೆಗೆ ಬೇರೆ ಬಾಡಿಗೆ ಕೇಳಬೇಕಿತ್ತಾ?"

ತಿಪ್ಪಮ್ಮ ಬೈಯೋಣ ಅಂತ ಬಾಯಿ ತೆಗೆದ್ಲು. ಬೈದ್ರೆ ಬುದ್ಧಿ ಹೇಳಬೇಕಾಗುತ್ತೆ. ಬುದ್ಧಿ ಹೇಳಿದ್ರೆ ಇವನು ಕೇಳ್ತಾನೆ! ಬಾಯಿ ಮುಚ್ಕೊಂಡು, ಬಲಗಾಲು ಮುಂದಿಟ್ಟು, ಗಾಡಿ ಹತ್ತಿ ಕೂತ್ಲು.